ಬೇಲ್ ಆಗಿದೆ, ತಮ್ಮ ಬಂದಿಲ್ಲ

ನರಸಾಪುರದ ಫ್ಯಾಕ್ಟರಿಯಲ್ಲಿ ಕೆಲಸದ ಹೊತ್ತಿನಲ್ಲಿ ಫೋನ್ ಇಟ್ಟುಕೊಳ್ಳುವಂತಿಲ್ಲ. ಲಾಕರಿನಲ್ಲಿ ಇಡಬೇಕು. ಊಟದ ಬಿಡುವಿನಲ್ಲಿ ತೆಗೆದು ನೋಡಿದರೆ ಲಾಯರ್ ಸಾರ್ ಅವರ ನಾಲ್ಕು ಮಿಸ್ಡ್ ಕಾಲ್ ಇತ್ತು. ವಾಪಸ್ ಮಾಡಿದೆ. "ಬೇಲ್ ಆಯ್ತಮ್ಮ" ಅಂದರು. ಆಮೇಲೆ ಅವರು ಹೇಳಿದ್ದು ಯಾವುದೂ ನನ್ನ ಕಿವಿಗೆ ಬೀಳಲಿಲ್ಲ. ಅಮ್ಮನಿಗೆ ಫೋನ್ ಮಾಡಿದೆ. ಅಮ್ಮ ಅವತ್ತು ಸಂಜೆ ಹುರುಳಿಕಾಳಿನ ಬಸ್ಸಾರು ಮಾಡಿ, ಮುದ್ದೆ ಕಟ್ಟಿಟ್ಟು, ಬಾಗಿಲ ಕಡೆ ನೋಡುತ್ತಾ ಕೂತಿದ್ದಳು.

ತಮ್ಮ ಮನೆಗೆ ಬಂದದ್ದು 34 ದಿನ ಕಳೆದ ಮೇಲೆ.

ಬೇಲ್ ಆದ ಮೇಲೂ ಒಬ್ಬ ಹುಡುಗ 34 ದಿನ ಯಾಕೆ ಜೈಲಿನಲ್ಲಿರಬೇಕು? ಅದನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಮ್ಮ ಹಾಗೆ ಓಡಾಡುತ್ತಿರುವ ಮನೆಗಳು ಇನ್ನೂ ಇರುತ್ತವೆ. ನಮಗೆ ತಡವಾಗಿ ಗೊತ್ತಾದ ವಿಷಯ ಅವರಿಗೆ ಬೇಗ ಗೊತ್ತಾಗಲಿ. ಊರಿನ ಹೆಸರು, ಕೋರ್ಟಿನ ಹೆಸರು ಬರೆಯುವುದಿಲ್ಲ. ಕೋಲಾರ ಜಿಲ್ಲೆಯ ಒಂದು ತಾಲ್ಲೂಕು ಅಂದುಕೊಳ್ಳಿ. ಕೇಸು ಇನ್ನೂ ನಡೆಯುತ್ತಿದೆ.

ತಮ್ಮನಿಗೆ 23 ವರ್ಷ. ಬೇರೆಯವರ ಏಸ್ ಗಾಡಿ ಓಡಿಸುತ್ತಿದ್ದ. ಬೆಳಗಿನ ಜಾವ ಕೋಲಾರದ ಮಂಡಿಗೆ ಟೊಮೆಟೊ ಕ್ರೇಟ್ ಹಾಕಿ ಬಂದರೆ, ಹಗಲು ಸಿಕ್ಕ ಬಾಡಿಗೆ ಹೊಡೆಯುತ್ತಿದ್ದ. ಹೋದ ವರ್ಷ ಆಷಾಢದಲ್ಲಿ ಇಬ್ಬರು ಮೂರು ಮೂಟೆ ತುಂಬಿಸಿ ಗುಜರಿಗೆ ಬಿಡು ಅಂದರಂತೆ. ಬಾಡಿಗೆ 800 ರೂಪಾಯಿ. ಮೂಟೆಯಲ್ಲಿದ್ದದ್ದು ಬೋರ್‌ವೆಲ್ ಕೇಬಲ್ಲು. ಆ ಇಬ್ಬರು ಸಿಗಲಿಲ್ಲ. ಗಾಡಿ ನಂಬರ್ ಸಿಕ್ಕಿತು. ತಮ್ಮ ಸಿಕ್ಕಿದ.

ಕೇಬಲ್ ಕಳೆದುಕೊಂಡ ರೈತರ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಕಡೆ ನೀರು ಸಾವಿರ ಅಡಿ ದಾಟಿದ ಮೇಲೆ ಸಿಗುತ್ತದೆ, ಸಿಕ್ಕರೆ. ಬೆಳೆ ನಿಂತಿರುವಾಗ ರಾತ್ರೋರಾತ್ರಿ ಕೇಬಲ್ ಕತ್ತರಿಸಿಕೊಂಡು ಹೋದರೆ ಎಂಥವರಿಗೂ ಹೊಟ್ಟೆ ಉರಿಯುತ್ತದೆ. ತಮ್ಮ ಗೊತ್ತಿದ್ದು ಸಾಗಿಸಿದನಾ, ಗೊತ್ತಿಲ್ಲದೆ ಸಾಗಿಸಿದನಾ, ಅದನ್ನು ಕೋರ್ಟು ತೀರ್ಮಾನ ಮಾಡಲಿ. ನಾನು ಹೇಳುತ್ತಿರುವುದು ಆ ತೀರ್ಮಾನಕ್ಕೆ ಮುಂಚಿನ ದಿನಗಳ ವಿಷಯ.

ಕಳ್ಳತನದ ಕಲಂಗೆ ಜಾಸ್ತಿ ಅಂದರೆ ಮೂರು ವರ್ಷ ಶಿಕ್ಷೆ. ಏಳು ವರ್ಷದೊಳಗಿನ ಶಿಕ್ಷೆ ಇರುವ ಕೇಸುಗಳಲ್ಲಿ ಸುಮ್ನೆ ಹಿಡಿದು ಒಳಗೆ ಹಾಕಬಾರದು, ಬಂಧಿಸುವ ಅಗತ್ಯ ಇಲ್ಲದಿದ್ದರೆ ನೋಟಿಸ್ ಕೊಟ್ಟು ಕರೆಸಬೇಕು ಅಂತ ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. ಇದು ನನಗೆ ಆಮೇಲೆ ಗೊತ್ತಾಯಿತು. ಅವತ್ತು ನಮಗೆ ಗೊತ್ತಿದ್ದದ್ದು ಒಂದೇ. ಯಾರಾದರೂ ಲಾಯರ್ ಹಿಡಿಯಬೇಕು. ಅಮ್ಮನ ಓಲೆ ಅಡ ಇಟ್ಟು 15 ಸಾವಿರ ತಂದೆವು. ವಕಾಲತ್ತಿಗೆ ತಮ್ಮನ ಸಹಿ ಆಯಿತು, ಬೇಲ್ ಅರ್ಜಿ ಹೋಯಿತು, ಸರ್ಕಾರಿ ವಕೀಲರು ತಕರಾರು ಹಾಕಲು ಟೈಮ್ ಕೇಳಿದರು. ಹನ್ನೆರಡನೇ ದಿನ ಆದೇಶ ಬಂತು.

ಸಂಜೆ ಲಾಯರ್ ಆಫೀಸಿಗೆ ಹೋದಾಗ ಸಾರ್ ಆದೇಶ ಓದಿ ಹೇಳಿದರು. ತಮ್ಮ ಎರಡು ಲಕ್ಷ ರೂಪಾಯಿಗೆ ಬಾಂಡ್ ಬರೆದುಕೊಡಬೇಕು. ಅಷ್ಟೇ ಮೊತ್ತಕ್ಕೆ ಇಬ್ಬರು ಶ್ಯೂರಿಟಿ, ಅಂದರೆ ಜಾಮೀನು ನಿಲ್ಲುವವರು ಬೇಕು. ಇಬ್ಬರೂ ಅದೇ ತಾಲ್ಲೂಕಿನವರಾಗಿರಬೇಕು, ಅಲ್ಲೇ ಆಸ್ತಿ ಇರಬೇಕು. ಮೇಲೆ 50 ಸಾವಿರ ನಗದು ಕೋರ್ಟಿಗೆ ಕಟ್ಟಬೇಕು.

"ಐವತ್ತು ಸಾವಿರ ಯಾಕೆ ಸಾರ್?" ಅಂದೆ.

"ಕೇಬಲ್ ಬೆಲೆ ಅಂತ ಬರೆದಿದ್ದಾರಮ್ಮ."

"ಕದ್ದಿದ್ದಾನೆ ಅಂತ ತೀರ್ಮಾನವೇ ಆಗಿಲ್ವಲ್ಲ ಸಾರ್."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಈ ಕೋರ್ಟಲ್ಲಿ ಹೀಗೇನೇ. ಜಾಸ್ತಿ ಮಾತಾಡಿದ್ರೆ ಬೇಜಾರು ಮಾಡ್ಕೋತಾರೆ. ಹೇಗಾದ್ರೂ ಹೊಂದಿಸಿ" ಅಂದರು.

ನನ್ನ ಸಂಬಳ ಕೈಗೆ ಬರುವುದು 14 ಸಾವಿರ. ಒಂದು ದಿನ ರಜೆ ಹಾಕಿದರೆ ಹಾಜರಿ ಬೋನಸ್ ಹೋಗುತ್ತದೆ. ತಮ್ಮನ ದುಡಿಮೆ ನಿಂತಿತ್ತು. ಅಮ್ಮ ಎರಡು ಹಸು ಇಟ್ಟುಕೊಂಡು ಡೈರಿಗೆ ಹಾಲು ಹಾಕುತ್ತಾಳೆ. ಈ ಲೆಕ್ಕವನ್ನು ಆ ಕೋರ್ಟಿನಲ್ಲಿ ಯಾರೂ ಕೇಳಲಿಲ್ಲ. ನಮ್ಮ ಕಡೆಯಿಂದ ಹೇಳಿದವರೂ ಇಲ್ಲ.

ಶ್ಯೂರಿಟಿ ಹುಡುಕುವುದು ಅಂದರೆ ಏನು ಅಂತ ಹುಡುಕಿದವರಿಗೇ ಗೊತ್ತು. ನಮ್ಮಪ್ಪ ತೀರಿಕೊಂಡು ಎಂಟು ವರ್ಷ. ನಮಗೆ ಒಂದೂವರೆ ಎಕರೆ ಜಮೀನಿದೆ. ಆದರೆ ಪಹಣಿ ಇನ್ನೂ ಅಜ್ಜನ ಹೆಸರಿನಲ್ಲಿದೆ. ಅಜ್ಜ ಹೋಗಿ ಇಪ್ಪತ್ತು ವರ್ಷ ಆಯಿತು. ಪೌತಿ ಖಾತೆ ಮಾಡಿಸಬೇಕು, ಅಂದರೆ ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಿಸಬೇಕು ಅಂತ ಚಿಕ್ಕಪ್ಪ, ಅಪ್ಪ ಇಬ್ಬರೂ ವರ್ಷಗಟ್ಟಲೆ ಹೇಳಿಕೊಂಡೇ ಬಂದರು. ಉಳುವುದಕ್ಕೆ, ಬೆಳೆಯುವುದಕ್ಕೆ ಯಾರೂ ಪಹಣಿ ಕೇಳಲಿಲ್ಲ, ಹಾಗಾಗಿ ಕೆಲಸ ಹಾಗೇ ಉಳಿಯಿತು. ಸತ್ತವರ ಹೆಸರಿನ ಪಹಣಿ ಹಿಡಿದುಕೊಂಡು ಕೋರ್ಟಿಗೆ ಹೋಗಲು ಆಗುತ್ತದಾ? ಚಿಕ್ಕಪ್ಪ ನಿಂತಲ್ಲೇ ನಿಂತುಬಿಟ್ಟರು.

ಅಮ್ಮನ ಅಣ್ಣ, ನಮ್ಮ ಸೋದರಮಾವ, ಕೇಳುವ ಮುಂಚೆಯೇ ಒಪ್ಪಿದರು. ಅವರ ಪಹಣಿ ಅವರ ಹೆಸರಿನಲ್ಲೇ ಇದೆ. ಆದರೆ 11ನೇ ಕಾಲಂನಲ್ಲಿ ಬ್ಯಾಂಕ್ ಸಾಲ ಕೂತಿದೆ. ರೇಷ್ಮೆ ಮನೆ ಕಟ್ಟಿಸಲು ತೆಗೆದದ್ದು. ಅದಕ್ಕಿಂತ ದೊಡ್ಡ ತೊಡಕು ಅಂದರೆ ಅವರ ಊರು ಪಕ್ಕದ ತಾಲ್ಲೂಕಿಗೆ ಸೇರುತ್ತದೆ. ನಮ್ಮ ಮನೆಯಿಂದ ಒಂಬತ್ತು ಕಿಲೋಮೀಟರ್. ಕೆರೆ ಕೋಡಿ ದಾಟಿದರೆ ಅವರ ಹೊಲ.

ಇನ್ನು ಪಕ್ಕದ ಮನೆ ದೊಡ್ಡಪ್ಪ. ರಕ್ತಸಂಬಂಧ ಇಲ್ಲ, ನಾವು ಹುಟ್ಟಿದಾಗಿನಿಂದ ಹಾಗೆ ಕರೆದು ರೂಢಿ. ಪಂಚಾಯಿತಿಯಲ್ಲಿ ನೀರುಗಂಟಿ ಕೆಲಸ ಮಾಡಿದವರು. ಅವರಿಗೆ ಸರ್ಕಾರದಿಂದ ಸಿಕ್ಕ ಒಂದು ಎಕರೆ ಗ್ರಾಂಟ್ ಜಮೀನಿದೆ. ಎಸ್‌ಸಿ, ಎಸ್‌ಟಿ ಜನರಿಗೆ ಕೊಟ್ಟ ಜಮೀನನ್ನು ಕಾಯುವ ಪಿಟಿಸಿಎಲ್ ಕಾಯ್ದೆಗೆ ಬರುವ ಜಮೀನು, ಸರ್ಕಾರದ ಅನುಮತಿ ಇಲ್ಲದೆ ಮಾರುವ ಹಾಗಿಲ್ಲ. ಇದನ್ನು ಒಪ್ಪುತ್ತಾರೋ ಇಲ್ಲವೋ ಅಂತ ಲಾಯರಿಗೆ ಅನುಮಾನ. ದೊಡ್ಡಪ್ಪ ಹೂಂ ಅಂದರು, ದೊಡ್ಡಮ್ಮ ಅತ್ತುಬಿಟ್ಟರು. "ಇರೋದು ಒಂದೇ ಎಕರೆ, ಅದನ್ನೂ ಕೋರ್ಟಿಗೆ ಬರ್ಕೊಟ್ರೆ ನಮ್ಮ ಗತಿ ಏನು?"

ಈ ಭಯ ಎಲ್ಲ ಊರಿನಲ್ಲೂ ಇದೆ. ಅದಕ್ಕೆ ಇಲ್ಲಿ ಸ್ವಲ್ಪ ನಿಂತು ಹೇಳುತ್ತೇನೆ. ಶ್ಯೂರಿಟಿ ನಿಂತರೆ ಜಮೀನು ಕೋರ್ಟಿನ ಪಾಲಾಗುವುದಿಲ್ಲ. ಆರೋಪಿಯನ್ನು ಕರೆದ ದಿನ ಕೋರ್ಟಿಗೆ ಬರುವಂತೆ ನೋಡಿಕೊಳ್ಳುತ್ತೇನೆ, ಬಾರದಿದ್ದರೆ ಇಷ್ಟು ಹಣಕ್ಕೆ ನಾನು ಹೊಣೆ ಅಂತ ಬರೆದುಕೊಡುವುದು ಅಷ್ಟೇ. ಅವನು ತಲೆ ತಪ್ಪಿಸಿಕೊಂಡರೆ ಬಾಂಡ್ ಜಪ್ತಿ ಮಾಡಿ, ದಂಡ ಕಟ್ಟಿ ಅಥವಾ ಯಾಕೆ ಕಟ್ಟಬಾರದು ಹೇಳಿ ಅಂತ ಶ್ಯೂರಿಟಿಯನ್ನು ಕೇಳುತ್ತಾರೆ. ಬೇಡ ಅನ್ನಿಸಿದರೆ ಮಧ್ಯದಲ್ಲಿ ಅರ್ಜಿ ಕೊಟ್ಟು ಬಿಡುಗಡೆ ಕೇಳಲೂಬಹುದು. ಆಗ ಆರೋಪಿ ಬೇರೆ ಶ್ಯೂರಿಟಿ ತರಬೇಕು. ಇದನ್ನು ಬಿಡಿಸಿ ಹೇಳಿದ್ದಕ್ಕೆ ದೊಡ್ಡಮ್ಮ ಸುಮ್ಮನಾದರು. ನಮಗೆ ಇದನ್ನು ಹೇಳಿದ್ದು ಲಾಯರ್ ಅಲ್ಲ, ಅವರ ಆಫೀಸಿನಲ್ಲಿ ಟೈಪ್ ಮಾಡುವ ಹುಡುಗಿ.

ಕೋರ್ಟಿನ ಹೊರಗೆ ಜೆರಾಕ್ಸ್ ಅಂಗಡಿ ಹತ್ತಿರ ಒಬ್ಬ ಸಿಕ್ಕಿದ. "ಒಬ್ಬೊಬ್ಬ ಶ್ಯೂರಿಟಿಗೆ ಹತ್ತು ಸಾವಿರ ಅಕ್ಕಾ. ಪಹಣಿ, ಆಧಾರ್ ಎಲ್ಲ ನಾವೇ ನೋಡ್ಕೋತೀವಿ" ಅಂದ. ಎರಡು ರಾತ್ರಿ ನನಗೆ ನಿದ್ದೆ ಬರಲಿಲ್ಲ. 20 ಸಾವಿರ ಅಂದರೆ ಒಂದು ಹಸು ಮಾರಿದರೆ ಆಗಿಹೋಗುತ್ತದೆ ಅನ್ನಿಸಿತ್ತು. ಕೊನೆಗೆ ಬೇಡ ಅಂದೆ. ಆ ಕಾಗದಗಳು ಯಾರದೋ, ಆ ಆಧಾರಿನ ಫೋಟೋ ಯಾರದೋ. ಸಿಕ್ಕಿಬಿದ್ದರೆ ಬೇಲ್ ರದ್ದಾಗುವುದರ ಜೊತೆಗೆ ಹೊಸ ಕೇಸು ಬೀಳುತ್ತದೆ. ಆದರೂ ಆ ದಾರಿ ಹಿಡಿದವರನ್ನು ನಾನು ಬೈಯಲಾರೆ. ತರಲಾಗದಷ್ಟು ದೊಡ್ಡ ಮೊತ್ತ ಕೇಳಿದರೆ ಜನ ಸುಳ್ಳು ಕಾಗದ ತರುತ್ತಾರೆ. ನಿಜವಾದ ಮಾವ, ನಿಜವಾದ ದೊಡ್ಡಪ್ಪ ಹೊರಗೆ ಉಳಿಯುತ್ತಾರೆ.

ಬೇಲ್ ಆದ ಹತ್ತನೇ ದಿನ ಮಾವ, ದೊಡ್ಡಪ್ಪ, ನಾನು ಕೋರ್ಟಿಗೆ ಹೋದೆವು. ಆ ದಿನವನ್ನು ನಾನು ಮರೆಯುವುದಿಲ್ಲ.

ಬೆಳಗ್ಗೆ ಎಂಟಕ್ಕೇ ಹೊರಟಿದ್ದೆವು. ದೊಡ್ಡಪ್ಪ ಇಸ್ತ್ರಿ ಮಾಡಿಸಿದ ಬಿಳಿ ಅಂಗಿ ಹಾಕಿದ್ದರು. ಪಹಣಿ, ಮ್ಯುಟೇಷನ್ ಪ್ರತಿ, ಕಂದಾಯದ ರಸೀದಿ, ಆಧಾರ್, ಫೋಟೋ ಎಲ್ಲ ಪ್ಲಾಸ್ಟಿಕ್ ಕವರಿನಲ್ಲಿ ಮಡಿಸದೆ ಇಟ್ಟುಕೊಂಡಿದ್ದರು. ಹನ್ನೊಂದಕ್ಕೆ ಕೋರ್ಟ್ ಹಾಲಿನ ಹಿಂದಿನ ಗೋಡೆಗೆ ಒರಗಿ ನಿಂತೆವು. ನಗದು ಕಟ್ಟಲು ಆಗಿರಲಿಲ್ಲ. ಲಾಯರ್ ಅದಕ್ಕೆ ಟೈಮ್ ಕೇಳುತ್ತೇನೆ, ಶ್ಯೂರಿಟಿ ಮೊದಲು ಒಪ್ಪಿಸೋಣ ಅಂದಿದ್ದರು. ಮಧ್ಯಾಹ್ನ ಊಟಕ್ಕೆ ಎದ್ದರು. ಆಮೇಲೆ ಮತ್ತೆ ನಿಂತೆವು. ನಾಲ್ಕು ಗಂಟೆ ಹತ್ತಿರ ಹತ್ತಿರ ಕೇಸ್ ಕೂಗಿದರು.

ನ್ಯಾಯಾಧೀಶರು ಮಾವನ ಪಹಣಿಯನ್ನು ಮೇಲಿಂದ ನೋಡಿ "ಬೇರೆ ತಾಲ್ಲೂಕು" ಅಂತ ಪಕ್ಕಕ್ಕೆ ತಳ್ಳಿದರು. ದೊಡ್ಡಪ್ಪನ ಕಾಗದ ಕೈಗೆ ತೆಗೆದುಕೊಳ್ಳಲೇ ಇಲ್ಲ. "ಏನಾಗಬೇಕು ಅವನಿಗೆ ನೀನು?" ಅಂದರು.

"ಪಕ್ಕದ ಮನೆ ಸ್ವಾಮಿ. ನಾನು ಕಂಡಂಗೆ ಬೆಳೆದ ಹುಡುಗ."

"ನಿಮ್ಮ ಕಾಲೋನಿಯವರಿಗೆಲ್ಲ ಇದೇ ಕಸುಬಾ? ಒಬ್ಬ ಕದಿಯೋದು, ಒಬ್ಬ ಬಿಡಿಸಿಕೊಳ್ಳೋದು?"

ಹಾಲಿನಲ್ಲಿ ಇಬ್ಬರು ಮೂವರು ನಕ್ಕರು. ಲಾಯರ್ "ಸ್ವಾಮಿ, ದಾಖಲೆ ಒಮ್ಮೆ ಪರಿಶೀಲಿಸಬೇಕು" ಅಂದರು. "ದುಡ್ಡು ಕಟ್ಟಿ ಬನ್ನಿ, ಆಮೇಲೆ ನೋಡೋಣ" ಅಂತ ಮುಂದಿನ ಕೇಸಿಗೆ ಹೋದರು. ದೊಡ್ಡಪ್ಪ ಆ ಕವರನ್ನು ಎದೆಗೆ ಒತ್ತಿಕೊಂಡು ಹೊರಗೆ ಬಂದರು. ಬಸ್ಸಿನಲ್ಲಿ ಒಂದು ಮಾತೂ ಆಡಲಿಲ್ಲ. ಇಳಿಯುವಾಗ ಮಾತ್ರ, "ನಲವತ್ತು ವರ್ಷ ಊರಿಗೆ ನೀರು ಬಿಟ್ಟಿದ್ದೀನಿ ಕಣಮ್ಮ" ಅಂದರು.

ವಾರ ಬಿಟ್ಟು ತಮ್ಮನನ್ನು ನೋಡಲು ಜೈಲಿಗೆ ಹೋದೆ. ಕೆನ್ನೆ ಒಳಗೆ ಹೋಗಿತ್ತು. "ಅಕ್ಕ, ಬೇಲ್ ಆದವರೆಲ್ಲ ಹೋಗ್ತಾವ್ರೆ. ನನ್ನದು ಯಾವಾಗ?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಸೋಪು, ಬಿಸ್ಕತ್ತು ಕೊಟ್ಟೆ. ಹೊರಡುವಾಗ ಅವನೇ ಹೇಳಿದ. ಉಚಿತ ಕಾನೂನು ನೆರವಿನ ಮೇಡಂ ಒಬ್ಬರು ಜೈಲಿಗೆ ಬಂದಿದ್ದರು, ಬೇಲ್ ಆಗಿಯೂ ಹೋಗದೆ ಇರುವವರ ಹೆಸರು ಬರೆದುಕೊಂಡರು, ಮನೆಯವರನ್ನು ಕೋಲಾರದ ಆಫೀಸಿಗೆ ಕಳಿಸು ಅಂದರು ಅಂತ.

ನಮ್ಮ ಪುಣ್ಯ, ನಾನು ಅದನ್ನು ತಳ್ಳಿಹಾಕಲಿಲ್ಲ. ಫ್ರೀ ಲಾಯರ್ ಅಂದರೆ ಕೆಲಸ ಆಗಲ್ಲ ಅಂತ ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ನನಗೂ ಹಾಗೇ ಇತ್ತು.

ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋದಾಗ ಆಧಾರ್, ಪಡಿತರ ಚೀಟಿ, ಕೇಸ್ ನಂಬರ್ ಕೇಳಿದರು. ಜೈಲಿನಲ್ಲಿರುವ ಯಾರಿಗೇ ಆಗಲಿ, 1987ರ ಕಾನೂನು ಸೇವೆಗಳ ಕಾಯ್ದೆಯಲ್ಲಿ ಉಚಿತ ವಕೀಲರು ಸಿಗುತ್ತಾರೆ. ಎಸ್‌ಸಿ, ಎಸ್‌ಟಿ ಜನರಿಗೆ, ಹೆಂಗಸರಿಗೂ ಹಾಗೇ. ದೂರದವರು 15100ಕ್ಕೆ ಫೋನ್ ಮಾಡಬಹುದು. ನಮಗೆ ಕೊಟ್ಟ ವಕೀಲೆ ಮೇಡಂಗೆ ಮೂವತ್ತೈದು ವಯಸ್ಸಿರಬಹುದು. ಆದೇಶ ಓದಿದರು. ಮತ್ತೊಮ್ಮೆ ಓದಿದರು. "ನಿಮ್ಮ ಮನೆ ಆದಾಯ ಎಷ್ಟಮ್ಮ?" ಅಂದರು. ಹೇಳಿದೆ.

"ಹಾಗಾದ್ರೆ ಇದು ಬೇಲ್ ಅಲ್ಲಮ್ಮ" ಅಂದರು.

ಅವತ್ತು ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ. 2024ರ ಜುಲೈ 1ರಿಂದ ಜಾರಿಗೆ ಬಂದಿರುವ, ಕ್ರಿಮಿನಲ್ ಕೇಸು ಹೇಗೆ ನಡೆಸಬೇಕು ಅಂತ ಹೇಳುವ ಹೊಸ ಕಾನೂನು, ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ), ಅದರ 484ನೇ ಕಲಂನಲ್ಲಿ ನೇರವಾಗಿ ಬರೆದಿದೆ. ಬಾಂಡಿನ ಮೊತ್ತ ಕೇಸಿನ ಸಂದರ್ಭ ನೋಡಿ ನಿಗದಿ ಮಾಡಬೇಕು, ವಿಪರೀತ ಇರಬಾರದು. ಹಳೆಯ ಸಿಆರ್‌ಪಿಸಿಯಲ್ಲೂ 440ನೇ ಕಲಂ ಇದೇ ಆಗಿತ್ತು. ಅದೇ ಕಲಂನ ಎರಡನೇ ಭಾಗದಲ್ಲಿ, ಮ್ಯಾಜಿಸ್ಟ್ರೇಟ್ ಹಾಕಿದ ಮೊತ್ತ ಇಳಿಸುವ ಅಧಿಕಾರ ಸೆಷನ್ಸ್ ಕೋರ್ಟಿಗೆ, ಹೈಕೋರ್ಟಿಗೆ ಇದೆ. ಬೇಲ್ ಅರ್ಜಿ ಹೊಸದಾಗಿ ಹಾಕಬೇಕಿಲ್ಲ. ಷರತ್ತು ಸಡಿಲಿಸಿ ಅಂತ ಕೇಳಿದರೆ ಸಾಕು.

ಇನ್ನೊಂದು ಕಥೆ ಹೇಳಿದರು. 1978ರಲ್ಲಿ ಮಧ್ಯಪ್ರದೇಶದ ಮೋತಿರಾಮ್ ಅನ್ನುವ ಗಾರೆ ಕೆಲಸದವನಿಗೆ ಸುಪ್ರೀಂ ಕೋರ್ಟೇ ಬೇಲ್ ಕೊಟ್ಟಿತ್ತು. ಕೆಳಗಿನ ಮ್ಯಾಜಿಸ್ಟ್ರೇಟ್ 10 ಸಾವಿರ ರೂಪಾಯಿ ಶ್ಯೂರಿಟಿ ಕೇಳಿದರು. ಅವನ ಸಹೋದರನ ಶ್ಯೂರಿಟಿಯನ್ನೂ, ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ಒಪ್ಪಲಿಲ್ಲ. ಅವನು ಮತ್ತೆ ಸುಪ್ರೀಂ ಕೋರ್ಟಿಗೆ ಹೋದ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು, ಸಾವಿರ ರೂಪಾಯಿಗೆ ಅವನದೇ ಬಾಂಡ್ ತೆಗೆದುಕೊಂಡು ಬಿಡಿ ಅಂದರು. ಕೋರ್ಟು ಇರುವ ಜಿಲ್ಲೆಯ ಶ್ಯೂರಿಟಿಯೇ ಬೇಕು ಅಂದರೆ, ಒಬ್ಬ ಕನ್ನಡಿಗನನ್ನೋ ತೆಲುಗಿನವನನ್ನೋ ದೆಹಲಿಯ ಚಾಂದನಿ ಚೌಕದಲ್ಲಿ ಹಿಡಿದರೆ ಅವನು ಏನು ಮಾಡಬೇಕು ಅಂತ ಆ ತೀರ್ಪಿನಲ್ಲೇ ಕೇಳಿದ್ದಾರಂತೆ. ಮನೆಯಲ್ಲಿ ತೆಲುಗು, ಹೊರಗೆ ಕನ್ನಡ ಮಾತಾಡುವ ನಮ್ಮಂಥವರ ಬಗ್ಗೆ ಅಷ್ಟು ದೊಡ್ಡ ಕೋರ್ಟಿನಲ್ಲಿ ಒಬ್ಬರು ಯೋಚಿಸಿದ್ದರು ಅಂತ ಕೇಳಿ ನನಗೆ ಗಂಟಲು ಕಟ್ಟಿತು. ನಾನು ಹುಟ್ಟುವುದಕ್ಕೂ ಎಷ್ಟೋ ವರ್ಷ ಮುಂಚಿನ ತೀರ್ಪು ಅದು. ನಮ್ಮ ಮಾವ ಇರುವುದು ಬೇರೆ ಜಿಲ್ಲೆಯಲ್ಲೂ ಅಲ್ಲ, ಕೆರೆ ಆಚೆ!

2023ರ ಜನವರಿ 31ರಂದು ಸುಪ್ರೀಂ ಕೋರ್ಟ್ ಇನ್ನೂ ಬಿಡಿಸಿ ಸೂಚನೆ ಕೊಟ್ಟಿದೆ. ಬೇಲ್ ಆದೇಶವನ್ನು ಅದೇ ದಿನ ಅಥವಾ ಮಾರನೇ ದಿನ ಜೈಲಿಗೆ ಈಮೇಲ್ ಮಾಡಬೇಕು. ಏಳು ದಿನವಾದರೂ ಆ ಮನುಷ್ಯ ಹೊರಗೆ ಹೋಗದಿದ್ದರೆ ಜೈಲು ಅಧಿಕಾರಿ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಒಂದು ತಿಂಗಳಾದರೂ ಬಾಂಡ್ ಕೊಡಲು ಆಗದಿದ್ದರೆ ಕೋರ್ಟು ತಾನಾಗಿಯೇ ಷರತ್ತು ಬದಲಿಸಬಹುದಾ ಅಂತ ನೋಡಬಹುದು. ಸ್ಥಳೀಯ ಶ್ಯೂರಿಟಿಯೇ ಬೇಕು ಅನ್ನುವುದರಿಂದ ಬಿಡುಗಡೆ ತಡವಾಗುತ್ತಿದೆ, ಅಂಥ ಷರತ್ತು ಹಾಕದಿರುವುದು ಒಳ್ಳೆಯದು ಅಂತಲೂ ಅದರಲ್ಲಿದೆ. 2024ರ ಆಗಸ್ಟಿನಲ್ಲಿ ಇನ್ನೊಂದು ತೀರ್ಪು ಬಂತು. ಹದಿಮೂರು ಕೇಸಿನಲ್ಲಿ ಬೇಲ್ ಸಿಕ್ಕ ಒಬ್ಬನಿಗೆ ಅಷ್ಟೂ ಕೇಸಿಗೆ ಬೇರೆ ಬೇರೆ ಶ್ಯೂರಿಟಿ ತರಲು ಆಗಿರಲಿಲ್ಲ. ಬಲಗೈಯಲ್ಲಿ ಕೊಟ್ಟದ್ದನ್ನು ಎಡಗೈಯಲ್ಲಿ ಕಿತ್ತುಕೊಂಡ ಹಾಗಾಗುತ್ತದೆ ಅಂತ ಕೋರ್ಟ್ ಹೇಳಿ, ಒಂದೇ ಜೊತೆ ಶ್ಯೂರಿಟಿ ಎಲ್ಲದಕ್ಕೂ ನಡೆಯುವಂತೆ ಮಾಡಿತು.

ಇಷ್ಟೆಲ್ಲ ಬರೆದಿಟ್ಟಿದ್ದಾರೆ. ನಮ್ಮ ಮೊದಲ ಲಾಯರಿಗೆ ಇದು ಗೊತ್ತಿರಲಿಲ್ಲ ಅಂತ ನಾನು ನಂಬುವುದಿಲ್ಲ. ದಿನಾ ಅದೇ ಕೋರ್ಟಿನಲ್ಲಿ ಅದೇ ನ್ಯಾಯಾಧೀಶರ ಮುಂದೆ ನಿಲ್ಲಬೇಕಾದವರಿಗೆ ಬಾಯಿ ಬರಲಿಲ್ಲ. ಅವರ ಕಷ್ಟ ನನಗೆ ಅರ್ಥ ಆಗುತ್ತದೆ. ಆದರೆ ಆ ಸಂಕೋಚಕ್ಕೆ ಬೆಲೆ ಕೊಟ್ಟವನು ನಮ್ಮ ತಮ್ಮ.

ಅರ್ಜಿ ಜೊತೆಗೆ ನನ್ನ ಮೂರು ತಿಂಗಳ ಸಂಬಳದ ಚೀಟಿ, ಡೈರಿ ಹಾಲಿನ ಪುಸ್ತಕದ ನಕಲು, ಪಡಿತರ ಚೀಟಿ, ಅಜ್ಜನ ಹೆಸರಿನ ಪಹಣಿ, ಅಜ್ಜನ ಮರಣ ಪತ್ರ ಎಲ್ಲ ಹಾಕಿದೆವು. ನಮ್ಮ ಬಡತನವನ್ನು ಹೀಗೆ ಕಾಗದದಲ್ಲಿ ಜೋಡಿಸುವುದು ಅಮ್ಮನಿಗೆ ಇಷ್ಟವಾಗಲಿಲ್ಲ. "ಮಾನ ಹೋಗುತ್ತೆ" ಅಂದಳು. ಮೇಡಂ ತಾಳ್ಮೆಯಿಂದ ಹೇಳಿದರು. "ಹೇಳದೆ ಇದ್ರೆ ಕೋರ್ಟಿಗೆ ಗೊತ್ತಾಗಲ್ಲಮ್ಮ. ಮೊದಲನೇ ಅರ್ಜಿಯಲ್ಲೂ ಇದನ್ನು ಹಾಕಬೇಕಿತ್ತು."

ಆ ಅರ್ಜಿಗಾಗಿ ಮ್ಯಾಜಿಸ್ಟ್ರೇಟ್ ಕೋರ್ಟಿನ ಆರ್ಡರ್ ಶೀಟಿನ ನಕಲು ತೆಗೆಸಿದೆವು. ಮೇಡಂ ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದುತ್ತಿದ್ದರು. ನಾವು ಶ್ಯೂರಿಟಿ ಕರೆದುಕೊಂಡು ಹೋದ ದಿನದ ಸಾಲು ಬಂತು.

"ಶ್ಯೂರಿಟಿದಾರರು ಹಾಜರಿಲ್ಲ" ಅಂತ ಬರೆದಿತ್ತು.

ನಾನು ತಾರೀಖು ಮತ್ತೆ ನೋಡಿದೆ. ಅದೇ ದಿನ. ಬಸ್ ಟಿಕೆಟ್ ಇನ್ನೂ ನನ್ನ ಪರ್ಸಿನಲ್ಲಿತ್ತು. ಹನ್ನೊಂದರಿಂದ ನಾಲ್ಕರವರೆಗೆ ಆ ಗೋಡೆಗೆ ಒರಗಿ ನಿಂತ ಮೂವರು ಆ ಕಾಗದದಲ್ಲಿ ಇರಲೇ ಇಲ್ಲ. ಬೈದದ್ದಕ್ಕಿಂತ ಇದು ನನಗೆ ಜಾಸ್ತಿ ನೋವು ಕೊಟ್ಟಿತು. ಬೈದಾಗ ಕನಿಷ್ಠ ನಮ್ಮನ್ನು ನೋಡಿದ್ದರು, ಅಲ್ವಾ?

ಸೆಷನ್ಸ್ ಕೋರ್ಟಿನಲ್ಲಿ ಸರ್ಕಾರಿ ವಕೀಲರಿಗೆ ನೋಟಿಸ್ ಹೋಗಿ, ಅವರು ತಕರಾರು ಹಾಕಿ, ಹತ್ತು ದಿನದಲ್ಲಿ ತೀರ್ಮಾನವಾಯಿತು. ವಾದ ಹತ್ತು ನಿಮಿಷವೂ ನಡೆಯಲಿಲ್ಲ. ಜಿಲ್ಲಾ ನ್ಯಾಯಾಧೀಶರು ಸಂಬಳದ ಚೀಟಿ ನೋಡಿ, "ಈ ಕುಟುಂಬ ಎರಡು ಲಕ್ಷ, ಐವತ್ತು ಸಾವಿರ ಎಲ್ಲಿಂದ ತರಬೇಕು?" ಅಂತ ಸರ್ಕಾರಿ ವಕೀಲರನ್ನು ಕೇಳಿದರು. ಅವರು ಉತ್ತರ ಕೊಡಲಿಲ್ಲ. ಬಾಂಡ್ 25 ಸಾವಿರಕ್ಕೆ ಇಳಿಯಿತು. ಒಬ್ಬ ಶ್ಯೂರಿಟಿ ಸಾಕು, ಯಾವ ತಾಲ್ಲೂಕಾದರೂ ಸರಿ. ನಗದು ಕಟ್ಟುವುದು ರದ್ದು.

ಆದೇಶದ ನಕಲು ಹಿಡಿದು ಅದೇ ತಾಲ್ಲೂಕು ಕೋರ್ಟಿಗೆ ಹೋದೆವು. ಬಾಂಡ್ ಬರೆಸಿಕೊಳ್ಳಬೇಕಾದದ್ದು ಅಲ್ಲೇ. ಈ ಸಲ ಮಾವನ ಪಹಣಿ ಒಪ್ಪಿಗೆಯಾಯಿತು. 11ನೇ ಕಾಲಂನ ಸಾಲ ಕಳೆದರೂ ಜಮೀನಿನ ಬೆಲೆ 25 ಸಾವಿರಕ್ಕಿಂತ ಎಷ್ಟೋ ಹೆಚ್ಚಿತ್ತು. ಬೇರೆ ಯಾರಿಗಾದರೂ ಶ್ಯೂರಿಟಿ ನಿಂತಿದ್ದೀರಾ ಅಂತ ಕೇಳಿ ಬರೆಸಿಕೊಂಡರು. ಎಲ್ಲ ಶ್ಯೂರಿಟಿಗಳೂ ಇದನ್ನು ಹೇಳಲೇಬೇಕು. ನ್ಯಾಯಾಧೀಶರು ತಲೆ ಎತ್ತದೆ ಸಹಿ ಮಾಡಿದರು. ಬಿಡುಗಡೆ ಆದೇಶ ಜೈಲಿಗೆ ಮುಟ್ಟುವ ಹೊತ್ತಿಗೆ ಸಂಜೆಯಾಗಿ ಲಾಕಪ್ ಆಗಿತ್ತು. ಇನ್ನೊಂದು ರಾತ್ರಿ. ಹಿಡಿದುಕೊಂಡು ಹೋದ 46ನೇ ದಿನ ಬೆಳಗ್ಗೆ ತಮ್ಮ ಹೊರಗೆ ಬಂದ. ಗೇಟಿನ ಹೊರಗೆ ಮಾವನ ಕಾಲಿಗೆ ಬಿದ್ದ. ಏಸ್ ಗಾಡಿಗೆ ಅಷ್ಟರಲ್ಲಿ ಮಾಲೀಕರು ಬೇರೆ ಡ್ರೈವರ್ ಇಟ್ಟುಕೊಂಡಿದ್ದರು. ಈಗ ಮಂಡಿಯಲ್ಲಿ ಲೋಡಿಂಗಿಗೆ ಹೋಗುತ್ತಾನೆ.

ಇಲ್ಲಿಗೆ ಬಿಟ್ಟುಬಿಡು ಅಂತ ಎಲ್ಲರೂ ಹೇಳಿದರು. ಅಮ್ಮ ಕೈ ಮುಗಿದಳು. ಕೇಸು ಅದೇ ತಾಲ್ಲೂಕು ನ್ಯಾಯಾಧೀಶರ ಮುಂದೇ ಇದೆ, ನಾಳೆ ಸಿಟ್ಟು ತೀರಿಸಿಕೊಂಡರೆ ಅಂತ ಅವಳ ಭಯ. ನನಗೂ ಆ ಭಯ ಇತ್ತು, ಈಗಲೂ ಇದೆ. ಆದರೆ "ಹಾಜರಿಲ್ಲ" ಅನ್ನುವ ಸಾಲು ನನ್ನನ್ನು ಬಿಡಲಿಲ್ಲ. ದೂರು ಕೊಡಬಹುದಾ ಅಂತ ಮೇಡಂನ ಕೇಳಿದೆ.

ಅವರು ಎರಡು ವಿಷಯ ಬೇರೆ ಮಾಡಿ ಹೇಳಿದರು. ಮೊತ್ತ ಜಾಸ್ತಿ ಹಾಕಿದ್ದು ತಪ್ಪು ಆದೇಶ. ಅದಕ್ಕೆ ಮದ್ದು ಮೇಲಿನ ಕೋರ್ಟು, ಅದು ಸಿಕ್ಕಿಯೂ ಆಯಿತು. ಆದೇಶ ತಪ್ಪಾದ ಮಾತ್ರಕ್ಕೆ ನ್ಯಾಯಾಧೀಶರ ಮೇಲೆ ದೂರು ಕೊಡುವಂತಿಲ್ಲ, ಕೊಡಲೂಬಾರದು. ಹಾಗಾದರೆ ಯಾವ ನ್ಯಾಯಾಧೀಶರೂ ಧೈರ್ಯವಾಗಿ ಬೇಲ್ ಕೊಡಲಾರರು. ಆದರೆ ಜನರ ಕಾಲೋನಿ ಎತ್ತಿ ಆಡುವುದು, ಎದುರಿಗೆ ನಿಂತವರನ್ನು ಹಾಜರಿಲ್ಲ ಅಂತ ದಾಖಲಿಸುವುದು ನಡತೆಯ ವಿಷಯ. ಸಂವಿಧಾನದ 235ನೇ ವಿಧಿಯಲ್ಲಿ ಜಿಲ್ಲೆ, ತಾಲ್ಲೂಕು ಕೋರ್ಟುಗಳ ಮೇಲಿನ ಹಿಡಿತ ಹೈಕೋರ್ಟಿನದು. ಇಂಥ ದೂರು ಹೈಕೋರ್ಟಿನ ರಿಜಿಸ್ಟ್ರಾರ್ ಜನರಲ್‌ಗೆ ಹೋಗಬೇಕು. ಹೆಸರಿಲ್ಲದ ಪತ್ರ ನಡೆಯುವುದಿಲ್ಲ. ಪ್ರಮಾಣ ಮಾಡಿದ ಅಫಿಡವಿಟ್ ಬೇಕು, ಪರಿಶೀಲಿಸಬಹುದಾದ ದಾಖಲೆ ಬೇಕು. 2014ರಿಂದ ಇದೇ ಪದ್ಧತಿ.

ನ್ಯಾಯಾಧೀಶರು ಹೇಗೆ ನಡೆದುಕೊಳ್ಳಬೇಕು ಅಂತ ಜಗತ್ತೆಲ್ಲ ಒಪ್ಪುವ ಒಂದು ಪಟ್ಟಿ ಇದೆಯಂತೆ. ಎಲ್ಲರನ್ನೂ ಸಮಾನವಾಗಿ ಕಾಣಬೇಕು ಅನ್ನುವುದೂ ಅದರಲ್ಲಿ ಒಂದು. ಅದರ ಹೆಸರು ಬೆಂಗಳೂರು ತತ್ವಗಳು. 2001ರಲ್ಲಿ ಬೇರೆ ಬೇರೆ ದೇಶದ ನ್ಯಾಯಾಧೀಶರು ಬೆಂಗಳೂರಿನಲ್ಲಿ ಸೇರಿ ಅದರ ಕರಡು ಒಪ್ಪಿದ್ದರು. ನಮ್ಮ ಊರಿನಿಂದ ಬಸ್ಸಿನಲ್ಲಿ ಎರಡೂವರೆ ಗಂಟೆ ದಾರಿ.

ಬಿಸಿ ಇರುವಾಗಲೇ ನಾನು ಬರೆದ ದೂರು ನಾಲ್ಕು ಪುಟ ಆಗಿತ್ತು. ಮೇಡಂ ಅರ್ಧಕ್ಕಿಂತ ಜಾಸ್ತಿ ಹೊಡೆದುಹಾಕಿದರು. "ನೀವು ಕಂಡದ್ದು, ಕೇಳಿದ್ದು ಮಾತ್ರ ಬರೀರಿ. ಅವರ ಮನಸ್ಸಲ್ಲಿ ಏನಿತ್ತು ಅಂತ ಬರೀಬೇಡಿ. ದುಡ್ಡು ತಿಂದಿದ್ದಾರೆ ಅಂತ ಬೇರೆಯವರು ಹೇಳಿದ್ದೂ ಬೇಡ." ಒಂದೂವರೆ ಪುಟ ಉಳಿಯಿತು. ತಾರೀಖು, ಹೊತ್ತು, ಆಡಿದ ಮಾತು, ಆರ್ಡರ್ ಶೀಟಿನ ನಕಲು, ಮೂರು ಬಸ್ ಟಿಕೆಟ್‌ನ ಜೆರಾಕ್ಸ್.

ನನ್ನ ಅಫಿಡವಿಟ್ ಒಂದೇ ಸಾಕಾಗಬಹುದು, ಇನ್ನೊಬ್ಬರದಿದ್ದರೆ ಗಟ್ಟಿ ಅಂದರು. ಮಾವನನ್ನು ಕೇಳಲಿಲ್ಲ. ಅವರ ಪಹಣಿ ಆ ಕೋರ್ಟಿನ ಫೈಲಿನಲ್ಲಿದೆ. ದೊಡ್ಡಪ್ಪನನ್ನು ಕೇಳಲು ನನಗೆ ಬಾಯಿ ಬರಲಿಲ್ಲ. ಅಷ್ಟು ಅವಮಾನ ಆದ ಮೇಲೆ ಮತ್ತೆ ಅದನ್ನೇ ಬರೆದುಕೊಡಿ ಅಂತ ಹೇಗೆ ಕೇಳುವುದು? ವಿಷಯ ಅಮ್ಮನಿಂದ ದೊಡ್ಡಮ್ಮನಿಗೆ, ದೊಡ್ಡಮ್ಮನಿಂದ ಅವರಿಗೆ ಹೋಯಿತು. ಭಾನುವಾರ ಬೆಳಗ್ಗೆ ನಾನು ಹಸು ಕಟ್ಟುತ್ತಿದ್ದಾಗ ಅವರೇ ಬಂದು, "ಯಾವತ್ತು ಹೋಗೋಣ?" ಅಂದರು.

ನೋಟರಿ ಮುಂದೆ ಮೇಡಂ ಕನ್ನಡದಲ್ಲಿ ಓದಿ ಹೇಳಿದರು. ದೊಡ್ಡಪ್ಪ ಒಂದು ಕಡೆ ನಿಲ್ಲಿಸಿದರು. "ನಾಲ್ಕರವರೆಗೂ ಅಂತ ಬರೆದಿದ್ದೀರಾ?" ಅಂತ ಕೇಳಿದರು. ಹೌದು ಅಂದಾಗ ಆ ಸಾಲನ್ನು ಇನ್ನೊಮ್ಮೆ ಓದಿಸಿದರು. "ನಾನು ಆ ದಿನ ಬೆಳಗ್ಗೆ 11 ಗಂಟೆಯಿಂದ ಸಂಜೆ 4 ಗಂಟೆಯವರೆಗೆ ನ್ಯಾಯಾಲಯದಲ್ಲಿ ಹಾಜರಿದ್ದೆನು." ಆಮೇಲೆ ನಿಧಾನವಾಗಿ, ಒಂದೊಂದೇ ಅಕ್ಷರ ಬಿಡಿಸಿ ಸಹಿ ಹಾಕಿದರು. ಹಾಕಿಕೊಂಡು ಬಂದಿದ್ದದ್ದು ಅದೇ ಬಿಳಿ ಅಂಗಿ.

ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದೆವು. ತಲುಪಿದೆ ಅಂತ ಮೆಸೇಜ್ ಬಂದಿದೆ. ತಮ್ಮನ ಮುಂದಿನ ಡೇಟ್ ಬರುವ ತಿಂಗಳು 18ಕ್ಕೆ. ಫ್ಯಾಕ್ಟರಿಯಲ್ಲಿ ರಜೆ ಬರೆದಿಟ್ಟಿದ್ದೇನೆ. ದೊಡ್ಡಪ್ಪನೂ ಬರುತ್ತಾರಂತೆ.